ಆರೋಗ್ಯ ವಿಮೆ ಮತ್ತು ವೈದ್ಯವೆಚ್ಚದ ನ್ಯಾಯ: ಬ್ರಹ್ಮಸಮುದ್ರದ ಸೀಮೆಯಿಂದ ಒಂದು ನೋಟ

ಆರೋಗ್ಯ ವಿಮೆ ಎಂದರೆ ಕಾಯಿಲೆ ಬೀಳುವ ಮೊದಲೇ ಹಲವರಿಂದ ಹಣ ಕೂಡಿಸಿಟ್ಟು, ಕಾಯಿಲೆ ಬಿದ್ದವರ ಚಿಕಿತ್ಸೆಗೆ ಅದರಿಂದ ಕೊಡುವ ಏರ್ಪಾಡು. ಆ ಹಣ ಪ್ರೀಮಿಯಂ ಕಂತಾಗಿ ಬರಬಹುದು, ಸಂಬಳದಲ್ಲಿ ಹಿಡಿದದ್ದಾಗಿರಬಹುದು, ಸರ್ಕಾರದ ಬೊಕ್ಕಸದಿಂದಲೂ ಬರಬಹುದು. ಎಲ್ಲಿಂದ ಬಂದರೂ ಮೂರು ಕೆಲಸ ಆಗಲೇಬೇಕು: ಹಣ ಕೂಡಿಸುವುದು, ಅದನ್ನು ಒಂದೇ ನಿಧಿಯಲ್ಲಿಟ್ಟು ಅಪಾಯವನ್ನು ಎಲ್ಲರೂ ಹೊರುವಂತೆ ಮಾಡುವುದು, ಆ ನಿಧಿಯಿಂದ ಆಸ್ಪತ್ರೆಗಳಿಗೆ ಕೊಟ್ಟು ಚಿಕಿತ್ಸೆ ಪಡೆಯುವುದು. ಪ್ರತಿಯೊಂದು ಮನೆ ತನ್ನ ಶಕ್ತಿಗೆ ತಕ್ಕಷ್ಟು ಕೊಟ್ಟು, ತನ್ನ ಅಗತ್ಯಕ್ಕೆ ತಕ್ಕಷ್ಟು ಪಡೆಯುವಂತಿದ್ದರೆ ಅದು ನ್ಯಾಯದ ವ್ಯವಸ್ಥೆ. ವಿಶ್ವ ಆರೋಗ್ಯ ಸಂಸ್ಥೆ 2000ದ ತನ್ನ ವಿಶ್ವ ಆರೋಗ್ಯ ವರದಿಯಲ್ಲಿ ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ತೂಗಿದಾಗ ಈ ನ್ಯಾಯವನ್ನೂ ಒಂದು ಅಳತೆಯಾಗಿ ಇಟ್ಟುಕೊಂಡಿತು.

ಬಡ ದೇಶಗಳಲ್ಲಿ ನಡೆಯುವುದು ಬಹುಪಾಲು ಇದಕ್ಕೆ ತಿರುವುಮುರುವು. ಹಣ ಕೊಡುವುದು ಕಾಯಿಲೆ ಬಿದ್ದ ದಿನ, ಕೊಡುವವನು ಕಾಯಿಲೆ ಬಿದ್ದವನೇ. ಅಂದು ದುಡಿಮೆ ಇರುವುದಿಲ್ಲ, ಸಾಲ ಸಿಗುವುದಿದ್ದರೂ ದುಬಾರಿ ಬಡ್ಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕು 2023ರಲ್ಲಿ ಹೊರತಂದ ವರದಿಯ ಪ್ರಕಾರ 2019ರಲ್ಲಿ ಸುಮಾರು 200 ಕೋಟಿ ಜನ ವೈದ್ಯಕೀಯ ಖರ್ಚಿನಿಂದ ಹಣಕಾಸಿನ ಸಂಕಷ್ಟಕ್ಕೆ ಸಿಕ್ಕಿದ್ದರು. ಭಾರತ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಈಗ ಕೆಳ-ಮಧ್ಯಮ ಆದಾಯದ ದೇಶ. ಆದರೂ ಅದರೊಳಗಿನ ಮಳೆ ಕಾಣದ ಸೀಮೆಗಳಲ್ಲಿ ಆಸ್ಪತ್ರೆ ಖರ್ಚಿನ ಕಥೆ ಬಡ ದೇಶಗಳ ಕಥೆಗಿಂತ ಬೇರೆಯಲ್ಲ. ಈ ಲೇಖನ ಅಂಥದೊಂದು ಸೀಮೆಯನ್ನು ಹಿಡಿದು ವಿಷಯವನ್ನು ನೋಡುತ್ತದೆ.

ಸೀಮೆ ಮತ್ತು ಜನ

ಬ್ರಹ್ಮಸಮುದ್ರ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ ಕಲ್ಯಾಣದುರ್ಗದ ಕಡೆಯ ಮಂಡಲ ಕೇಂದ್ರ. ಗಡಿಯಾಚೆ ಕರ್ನಾಟಕದ ಚಳ್ಳಕೆರೆ, ಪಾವಗಡ. ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರ ಉದ್ದಕ್ಕೂ ಕನ್ನಡ ಮತ್ತು ತೆಲುಗು ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಬಾಳುತ್ತಿವೆ. ಹೆಣ್ಣು ತರುವುದು, ಕೊಡುವುದು, ದನ ಕೊಳ್ಳುವುದು, ಜಾತ್ರೆಗೆ ಹೋಗುವುದು ಎಲ್ಲವೂ ಗಡಿ ದಾಟಿಯೇ. ಅನಂತಪುರ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಶೇಂಗಾ ನಂಬಿದ ಬೇಸಾಯ ಕೈಕೊಟ್ಟ ವರ್ಷ ಗಂಡಸರು, ಹೆಂಗಸರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ.

ಇಲ್ಲಿ ಕಾಯಿಲೆಯ ದಾರಿ ಬಸ್ಸಿನ ದಾರಿಯೇ. ಮೊದಲು ಊರಿನಲ್ಲೇ ಇರುವ, ವೈದ್ಯಪದವಿಯಿಲ್ಲದ ಆರ್‌ಎಂಪಿ ಡಾಕ್ಟರು, ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸು. ಜ್ವರ ಇಳಿಯದಿದ್ದರೆ ಕಲ್ಯಾಣದುರ್ಗ, ಅಲ್ಲಿಂದ ಅನಂತಪುರದ ಸರ್ಕಾರಿ ಆಸ್ಪತ್ರೆ. ಹೃದಯ, ಕಿಡ್ನಿ, ಕ್ಯಾನ್ಸರ್ ಎಂದರೆ ಬೆಂಗಳೂರು. ಒಂದೊಂದು ನಿಲ್ದಾಣಕ್ಕೂ ಖರ್ಚು ಏರುತ್ತದೆ, ಜೊತೆಗೆ ಹೋಗುವವರ ಕೂಲಿ ನಿಲ್ಲುತ್ತದೆ. ಮೊದಲು ಮಾರುವುದು ಕುರಿ, ಆಮೇಲೆ ಒತ್ತೆ ಹೋಗುವುದು ಕೊರಳಿನ ಚಿನ್ನ, ಕೊನೆಗೆ ಹೊಲ. ವಿಮೆಯ ಯಾವುದೇ ಯೋಜನೆಯನ್ನು ತೂಗಬೇಕಾದದ್ದು ಈ ದಾರಿಯ ಯಾವ ಯಾವ ನಿಲ್ದಾಣದಲ್ಲಿ ಅದು ಜೊತೆಗಿರುತ್ತದೆ ಎಂಬುದರಿಂದ.

ಆರೋಗ್ಯಶ್ರೀ: ಅನಂತಪುರದಲ್ಲಿ ಶುರುವಾದದ್ದು

ಭಾರತದ ಸಾರ್ವಜನಿಕ ಆರೋಗ್ಯ ವಿಮೆಯ ಇತಿಹಾಸದಲ್ಲಿ ಅನಂತಪುರಕ್ಕೆ ಮೊದಲ ಸಾಲಿನಲ್ಲೇ ಜಾಗವಿದೆ. ರಾಜೀವ್ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಪ್ರಾಯೋಗಿಕವಾಗಿ ಶುರುವಾದದ್ದು ಮೂರೇ ಜಿಲ್ಲೆಗಳಲ್ಲಿ: ಅನಂತಪುರ, ಮಹಬೂಬ್‌ನಗರ, ಶ್ರೀಕಾಕುಳಂ. ಅವಿಭಜಿತ ಆಂಧ್ರದಲ್ಲಿ ಹೆಚ್ಚು ಹಿಂದುಳಿದಿದ್ದ ಸೀಮೆಗಳು ಇವು. ಯೋಜನೆ ತಂದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಸ್ವತಃ ವೈದ್ಯರು. ಆರೋಗ್ಯಶ್ರೀಗೂ ಮೊದಲು ಬಡ ರೋಗಿಗಳಿಗೆ ಇದ್ದದ್ದು ಮುಖ್ಯಮಂತ್ರಿಗಳ ಪರಿಹಾರ ನಿಧಿ. 2004ರಿಂದ 2007ರ ನಡುವೆ ಸುಮಾರು 55 ಸಾವಿರ ಮಂದಿಗೆ ₹168 ಕೋಟಿ ಆ ನಿಧಿಯಿಂದ ಹೋಗಿತ್ತು. ಆದರೆ ಅದನ್ನು ಪಡೆಯಲು ಶಾಸಕರ ಪತ್ರ ಬೇಕು, ಹೈದರಾಬಾದಿಗೆ ಓಡಾಟ ಬೇಕು. ಕೇಳಿ ಪಡೆಯುವ ನೆರವನ್ನು ಕಾರ್ಡು ತೋರಿಸಿ ಪಡೆಯುವ ಹಕ್ಕಾಗಿ ಮಾಡಿದ್ದೇ ಆರೋಗ್ಯಶ್ರೀಯ ದೊಡ್ಡ ಕೆಲಸ.

ಅರ್ಹತೆಗೆ ಇದ್ದದ್ದು ಬಡ ಕುಟುಂಬಗಳಿಗೆ ಕೊಡುವ ಬಿಳಿ ರೇಷನ್ ಕಾರ್ಡು. ರೋಗಿ ಪ್ರೀಮಿಯಂ ಕಟ್ಟಬೇಕಿಲ್ಲ, ಅದು ಸರ್ಕಾರದ್ದು. ಮೊದಲು ಸ್ಟಾರ್ ಹೆಲ್ತ್ ಎಂಬ ಖಾಸಗಿ ವಿಮಾ ಕಂಪನಿಯ ಮೂಲಕ ನಡೆದ ಯೋಜನೆಯನ್ನು ಆಮೇಲೆ ಸರ್ಕಾರದ ಆರೋಗ್ಯಶ್ರೀ ಹೆಲ್ತ್ ಕೇರ್ ಟ್ರಸ್ಟ್ ನೇರವಾಗಿ ನಡೆಸಲು ಕೈಗೆತ್ತಿಕೊಂಡಿತು. ಒಂದು ಕುಟುಂಬಕ್ಕೆ ವರ್ಷಕ್ಕೆ ₹1.5 ಲಕ್ಷ, ಅಗತ್ಯ ಬಿದ್ದರೆ ಮೇಲೆ ₹50 ಸಾವಿರ. ಪಟ್ಟಿಯಲ್ಲಿ ಇದ್ದದ್ದು ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರಮಂಡಲ, ಸುಟ್ಟಗಾಯದಂಥ ಭಾರಿ ಖರ್ಚಿನ ಚಿಕಿತ್ಸೆಗಳು.

ಆಸ್ಪತ್ರೆಯ ಬಾಗಿಲಲ್ಲೇ ಕೂರುವ ಆರೋಗ್ಯಮಿತ್ರನ ಮೇಜನ್ನು ಹತ್ತಿರದಿಂದ ನೋಡಿದರೆ ವ್ಯವಸ್ಥೆ ಅರ್ಥವಾಗುತ್ತದೆ. ಹಳ್ಳಿಯಿಂದ ಬಂದವರಿಗೆ ಅವನ ಮೊದಲ ಪ್ರಶ್ನೆ ಕಾರ್ಡು ಇದೆಯೇ ಎಂಬುದು. ಕಾರ್ಡಿನ ಸಂಖ್ಯೆ ಕಂಪ್ಯೂಟರಿಗೆ ಏರಿಸುತ್ತಾನೆ, ಡಾಕ್ಟರ ಬರಹವನ್ನೂ ಪರೀಕ್ಷೆಯ ವರದಿಗಳನ್ನೂ ಟ್ರಸ್ಟಿಗೆ ಕಳಿಸುತ್ತಾನೆ. ಅಲ್ಲಿನ ವೈದ್ಯರು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಆಪರೇಷನ್. ಬಿಲ್ಲು ರೋಗಿಯ ಕೈಗೆ ಬರುವುದೇ ಇಲ್ಲ. ಒಳರೋಗಿಯ ಊಟ, ಮನೆಗೆ ಮರಳುವ ಬಸ್ ಚಾರ್ಜು ಕೂಡ ಪ್ಯಾಕೇಜಿನಲ್ಲೇ ಸೇರಿದೆ. ಓದು ಬರಹ ಬಾರದ ರೈತನ ಪರವಾಗಿ ಆಸ್ಪತ್ರೆಯೊಳಗೆ ಮಾತಾಡಲು ಒಬ್ಬನನ್ನು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಆಮೇಲೆ ಬಂದ ಕರ್ನಾಟಕದ ಮತ್ತು ಕೇಂದ್ರದ ಯೋಜನೆಗಳೂ ಇಂಥ ಮಿತ್ರರನ್ನು ಇಟ್ಟುಕೊಂಡವು.

ಟೀಕೆಯೂ ಬೇಗನೆ ಬಂತು, ಅದರಲ್ಲಿ ಹುರುಳಿತ್ತು. 2011ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾದ ಅಧ್ಯಯನವೊಂದು, ರಾಜ್ಯದ ಆರೋಗ್ಯ ಬಜೆಟ್ಟಿನ ಶೇ. 25ರಷ್ಟು ಹಣ ರೋಗಭಾರದ ಶೇ. 2ರಷ್ಟಕ್ಕೆ ಮಾತ್ರ ಹೋಗುತ್ತಿದೆ ಎಂದು ತೋರಿಸಿತು. ಹಣದ ಹರಿವು ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳ ಕಡೆಗೆ ತಿರುಗಿತ್ತು. ಪ್ರತಿ ಆಪರೇಷನ್ನಿಗೂ ಇಂತಿಷ್ಟು ಎಂದು ಹಣ ಕೊಟ್ಟರೆ ಬೇಡದ ಆಪರೇಷನ್ನುಗಳೂ ನಡೆಯುತ್ತವೆ. ಆಂಧ್ರದಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶ ತೆಗೆಯುವುದು ಮಿತಿಮೀರಿ, ಆ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಡಬೇಕಾಯಿತು. ಕೂಲಿ ಮಾಡುವ ಹೆಣ್ಣಿನ ದೇಹ ಒಂದು ಪ್ಯಾಕೇಜ್ ದರಕ್ಕೆ ಬಲಿಯಾಗುವುದನ್ನು ಯಾವ ಯೋಜನೆಯ ಯಶಸ್ಸಿನ ಅಂಕಿಯೂ ಮುಚ್ಚಲಾರದು.

2014ರಲ್ಲಿ ರಾಜ್ಯ ಒಡೆದಾಗ ಹೈದರಾಬಾದು ತೆಲಂಗಾಣಕ್ಕೆ ಹೋಯಿತು, ದೊಡ್ಡ ಆಸ್ಪತ್ರೆಗಳೂ ಅದರ ಜೊತೆ ಹೋದವು. ಆಂಧ್ರದಲ್ಲಿ ಯೋಜನೆಗೆ ಎನ್‌ಟಿಆರ್ ವೈದ್ಯ ಸೇವಾ ಎಂಬ ಹೆಸರು ಬಂತು, 2019ರಲ್ಲಿ ವೈಎಸ್‌ಆರ್ ಆರೋಗ್ಯಶ್ರೀ, 2024ರಲ್ಲಿ ಮತ್ತೆ ಡಾ. ಎನ್‌ಟಿಆರ್ ವೈದ್ಯ ಸೇವಾ. ಹೆಸರು ಬದಲಾದುದಕ್ಕಿಂತ ಈ ಸೀಮೆಗೆ ಮುಖ್ಯವಾದ ದಿನ 2019ರ ನವೆಂಬರ್ 1. ಅಂದಿನಿಂದ ಬೆಂಗಳೂರು, ಚೆನ್ನೈ, ಹೈದರಾಬಾದಿನ ಆಯ್ದ ಆಸ್ಪತ್ರೆಗಳಲ್ಲೂ 716 ಬಗೆಯ ಚಿಕಿತ್ಸೆಗಳಿಗೆ ಆಂಧ್ರದ ಕಾರ್ಡು ನಡೆಯುವಂತಾಯಿತು. ಕಲ್ಯಾಣದುರ್ಗದವರಿಗೆ, ಹಿಂದೂಪುರದವರಿಗೆ ವಿಜಯವಾಡಕ್ಕಿಂತ ಬೆಂಗಳೂರು ಎಷ್ಟೋ ಹತ್ತಿರ, ಮಾತೂ ಬರುತ್ತದೆ. ರೋಗಿ ಹೋಗುವ ದಾರಿಯನ್ನು ಯೋಜನೆ ಕೊನೆಗೂ ಗುರುತಿಸಿತು.

ಯಶಸ್ವಿನಿ: ತಿಂಗಳಿಗೆ 5 ರೂಪಾಯಿ

ಗಡಿಯ ಇನ್ನೊಂದು ಕಡೆ ಕರ್ನಾಟಕ ಬೇರೆಯೇ ದಾರಿ ಹಿಡಿದಿತ್ತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಪ್ರೇರಣೆ ಮತ್ತು ಸಹಕಾರ ಇಲಾಖೆಯ ದುಡಿಮೆಯಿಂದ ರೂಪುಗೊಂಡ ಯಶಸ್ವಿನಿ ಯೋಜನೆ 2003ರ ಜೂನ್ 1ರಂದು ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ ₹5, ವರ್ಷಕ್ಕೆ ₹60 ಕಟ್ಟಿದರೆ ಪಟ್ಟಿಯಲ್ಲಿದ್ದ ಸುಮಾರು 1,600 ಶಸ್ತ್ರಚಿಕಿತ್ಸೆಗಳಿಗೆ ರಕ್ಷಣೆ. ಒಂದು ಆಪರೇಷನ್ನಿಗೆ ₹1 ಲಕ್ಷ, ವರ್ಷಕ್ಕೆ ₹2 ಲಕ್ಷದ ಮಿತಿ. ಸರ್ಕಾರವೂ ತನ್ನ ಪಾಲು ಸೇರಿಸಿತು. ಇಲ್ಲಿ ವಿಮಾ ಕಂಪನಿಯೇ ಇಲ್ಲ, ಅಪಾಯ ಹೊತ್ತದ್ದು ಯೋಜನೆಯದೇ ಟ್ರಸ್ಟು. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು.

ಹಣ ಕೂಡಿಸಿದ ರೀತಿ ಇದರ ಜಾಣತನ. ಹಾಲಿನ ಡೇರಿ, ವ್ಯವಸಾಯ ಸೇವಾ ಸಹಕಾರ ಸಂಘಗಳ ಕಾರ್ಯದರ್ಶಿಗೆ ಊರಿನ ಪ್ರತಿ ಮನೆ ಗೊತ್ತು. ಹಾಲಿನ ಬಟವಾಡೆಯ ದಿನವೇ ವಂತಿಗೆ ಹಿಡಿದುಕೊಳ್ಳಬಹುದು, ಏಜೆಂಟನ ಕಮಿಷನ್ ಇಲ್ಲ. ವಿಮೆಯ ದೊಡ್ಡ ಕಾಟವೆಂದರೆ ಕಾಯಿಲೆ ಇರುವವರಷ್ಟೇ ಸೇರಿ ಗಟ್ಟಿಮುಟ್ಟಾದವರು ಹೊರಗುಳಿಯುವುದು. ಆಗ ನಿಧಿ ಬೇಗ ಬರಿದಾಗುತ್ತದೆ. ಸಂಘಕ್ಕೆ ಸಂಘವೇ ಸೇರುವಂತೆ ಒತ್ತಾಯ ತಂದಾಗ ಈ ಕಾಟ ತಗ್ಗುತ್ತದೆ. ಸರ್ಕಾರಿ ಅಧಿಕಾರಿಗಳ ಗುರಿ, ಸಂಘಗಳ ಮೇಲಿನ ಒತ್ತಡ ಇಲ್ಲದೆ ಆ 16 ಲಕ್ಷ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಪರೀಕ್ಷೆ ಬಂದದ್ದು 2005ರಲ್ಲಿ. ಖರ್ಚು ಏರಿ ವಂತಿಗೆಯನ್ನು ₹120ಕ್ಕೆ ಏರಿಸಿದಾಗ 20 ಲಕ್ಷ ದಾಟಿದ್ದ ಸದಸ್ಯರ ಸಂಖ್ಯೆ 15 ಲಕ್ಷದ ಕೆಳಗೆ ಕುಸಿಯಿತು. ವರ್ಷಕ್ಕೆ ₹60 ಹೆಚ್ಚಾದದ್ದು ಊರಿನ ಸಾಹುಕಾರನಿಗೂ ಒಂದೇ, ಎರಡು ಎಕರೆ ಖುಷ್ಕಿಯ ರೈತನಿಗೂ ಒಂದೇ. ಎಲ್ಲರಿಗೂ ಒಂದೇ ದರ ಎಂಬುದು ಕೇಳಲು ಸಮಾನತೆ. ಆದಾಯಕ್ಕೆ ಹೋಲಿಸಿದರೆ ಬಡವನೇ ಹೆಚ್ಚು ಕೊಟ್ಟಂತಾಗುತ್ತದೆ. ಇನ್ನು ಭೂಮಿಯಿಲ್ಲದ, ಹಸುವಿಲ್ಲದ, ಯಾವ ಸಂಘದಲ್ಲೂ ಹೆಸರಿಲ್ಲದ ಕೂಲಿಕಾರ ಆರಂಭದಿಂದಲೇ ಹೊರಗೆ. ಯಶಸ್ವಿನಿ 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಹೋಗಿ, ರೈತರ ಒತ್ತಾಯದಿಂದ 2022-23ರಲ್ಲಿ ಮರಳಿ ಬಂತು: ಗ್ರಾಮೀಣ ಕುಟುಂಬದ ನಾಲ್ವರಿಗೆ ₹500, ರಕ್ಷಣೆ ₹5 ಲಕ್ಷ. ಕಳೆದುಕೊಂಡ ಮೇಲೆ ಜನ ಕೇಳಿ ಪಡೆದ ಯೋಜನೆ ಇದು.

ಸಾವು ತಗ್ಗಿದ ಲೆಕ್ಕ

ಇಂಥ ಯೋಜನೆಗಳಿಂದ ಜೀವ ಉಳಿಯಿತೇ ಎಂಬುದಕ್ಕೆ ದೇಶದಲ್ಲೇ ಗಟ್ಟಿಯಾದ ಉತ್ತರ ಸಿಕ್ಕಿದ್ದು ಉತ್ತರ ಕರ್ನಾಟಕದಲ್ಲಿ. 2010ರಲ್ಲಿ ಕರ್ನಾಟಕ ಸರ್ಕಾರದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಕಲಬುರಗಿ ವಿಭಾಗದಲ್ಲಿ ಮೊದಲು ಜಾರಿಯಾಯಿತು, ಪಕ್ಕದ ಜಿಲ್ಲೆಗಳಿಗೆ ಆಗ ಇರಲಿಲ್ಲ. ಸಂಶೋಧಕರು ಆ ಎಲ್ಲೆಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಿದರು. ಒಂದೇ ಮಣ್ಣು, ಒಂದೇ ಬೆಳೆ, ಒಂದೇ ಬಡತನ. ವ್ಯತ್ಯಾಸ ಯೋಜನೆಯದು ಮಾತ್ರ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದಂತೆ, ಯೋಜನೆಯ ಪಟ್ಟಿಯಲ್ಲಿದ್ದ ರೋಗಗಳಿಂದ ಬಡ ಕುಟುಂಬಗಳಲ್ಲಾಗುವ ಸಾವು ಶೇ. 64ರಷ್ಟು ಕಡಿಮೆಯಿತ್ತು. ದೊಡ್ಡ ಆಸ್ಪತ್ರೆ ಸೇರಿದಾಗ ಕೈಯಿಂದ ಆಗುವ ಖರ್ಚು ಶೇ. 34ರಷ್ಟು ತಗ್ಗಿತ್ತು. ಹಳ್ಳಿಗಳ ಬಳಿ ಶಿಬಿರ ಮಾಡಿ ರೋಗಿಗಳನ್ನು ಗುರುತಿಸಿ ಕರೆದೊಯ್ದದ್ದು ಈ ಯೋಜನೆಯ ವಿಶೇಷವಾಗಿತ್ತು. ಕಾರ್ಡು ಕೊಟ್ಟು ಸುಮ್ಮನಾಗಿದ್ದರೆ ಇಷ್ಟು ಫಲ ಸಿಗುತ್ತಿತ್ತೆಂದು ನಂಬುವುದು ಕಷ್ಟ.

ಕಾರ್ಡಿಗೆ ಸಿಗದ ಖರ್ಚು

ಆಪರೇಷನ್ನಿಗೆ ಹಣ ಸಿಕ್ಕರೂ ಮನೆ ಸೋರುವುದು ಬೇರೆ ಕಡೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತಿಂಗಳು ತಿಂಗಳು ಬೇಕು. ಮಂಡಿನೋವು, ಕೆಮ್ಮು, ಮಗುವಿನ ಭೇದಿಗೆ ಸಾಮಾನ್ಯವಾಗಿ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ, ಅಡ್ಮಿಟ್ ಆಗದಿದ್ದರೆ ಬಹುಪಾಲು ಯೋಜನೆಗಳಲ್ಲಿ ಹಣವೂ ಇಲ್ಲ. ಭಾರತದಲ್ಲಿ ಮನೆಮಂದಿ ಕೈಯಿಂದ ಹಾಕುವ ವೈದ್ಯಕೀಯ ಖರ್ಚಿನಲ್ಲಿ ಔಷಧಿಯ ಪಾಲೇ ದೊಡ್ಡದು. ಇದಕ್ಕೆ ಕಳೆದ ಕೂಲಿ, ಬಸ್ ಚಾರ್ಜು, ಜೊತೆಗಿರುವವರ ಊಟ ಸೇರಿಸಿದರೆ ಬಡ್ಡಿ ಸಾಲದ ಬಾಗಿಲು ತೆರೆಯುತ್ತದೆ.

ಕೂಲಿ ನಷ್ಟವೂ ಕಾಯಿಲೆಯ ಖರ್ಚೇ ಎಂದು ಮೊದಲು ಗುರುತಿಸಿದವರಲ್ಲಿ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಸೇರಿದೆ. 2002ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಸಾರ್ವಜನಿಕ ವಲಯದ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜೊತೆ ಅದು ಶುರುಮಾಡಿದ ಸಣ್ಣ ವಿಮೆಯ ಲೆಕ್ಕ ಸರಳವಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದರೆ ದಿನಕ್ಕೆ ₹100. ಅದರಲ್ಲಿ ₹50 ಆಸ್ಪತ್ರೆಯಲ್ಲಿ ಇಲ್ಲದ ಔಷಧಿಗೆ, ಉಳಿದ ₹50 ರೋಗಿಯ ಕೈಗೆ, ಹೋದ ಕೂಲಿಯ ಬದಲಿಗೆ. ಮೊತ್ತ ಚಿಕ್ಕದಾದರೂ ಎರಡು ದೊಡ್ಡ ವಿಚಾರ ಇದರಲ್ಲಿದ್ದವು: ಬಡವರು ಸರ್ಕಾರಿ ಆಸ್ಪತ್ರೆಯಿಂದ ದೂರವಿರುವುದು ಔಷಧಿ ಇಲ್ಲದ್ದಕ್ಕೆ ಮತ್ತು ಕೂಲಿ ಹೋಗುವುದಕ್ಕೆ, ಅವೆರಡನ್ನು ತುಂಬಿದರೆ ಇರುವ ಆಸ್ಪತ್ರೆಯೇ ಸಾಕಾಗುತ್ತದೆ. ಆಂಧ್ರ ಸರ್ಕಾರ 2019ರ ಡಿಸೆಂಬರಿನಲ್ಲಿ ಆರೋಗ್ಯ ಆಸರಾ ಎಂಬ ಹೆಸರಿನಲ್ಲಿ, ಚಿಕಿತ್ಸೆಯ ನಂತರದ ವಿಶ್ರಾಂತಿಗೆ ದಿನಕ್ಕೆ ₹225ರಂತೆ ತಿಂಗಳಿಗೆ ₹5,000ದವರೆಗೆ ಕೊಡಲು ಶುರುಮಾಡಿದಾಗ ಇದೇ ವಿಚಾರ ದೊಡ್ಡ ಪ್ರಮಾಣದಲ್ಲಿ ಬಂದಂತಾಯಿತು.

ದಾನದ ಆಸ್ಪತ್ರೆಗಳು

ಈ ಸೀಮೆಯ ಮಾತು ದಾನದಿಂದ ನಡೆಯುವ ಆಸ್ಪತ್ರೆಗಳ ಹೆಸರಿಲ್ಲದೆ ಮುಗಿಯದು. ಸ್ಪೇನಿನಿಂದ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಶುರುಮಾಡಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಆರ್‌ಡಿಟಿ, ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆ ಕಟ್ಟಿತು. ಹೆರಿಗೆಗೆಂದು ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆಯ ಹೆಸರು ಹೇಳದ ಮನೆ ಈ ಕಡೆ ಅಪರೂಪ. ಪುಟ್ಟಪರ್ತಿ ಬಳಿಯ ಪ್ರಶಾಂತಿಗ್ರಾಮದಲ್ಲಿ 1991ರ ನವೆಂಬರ್ 22ರಂದು ಆರಂಭವಾದ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ನಿಗೂ ಹಣ ಕಟ್ಟಿಸಿಕೊಳ್ಳುವ ಕೌಂಟರೇ ಇಲ್ಲ. ಪಾವಗಡದಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ, ಕಣ್ಣಿನ ಚಿಕಿತ್ಸೆಯನ್ನು ಗಡಿಯ ಎರಡೂ ಕಡೆಯವರಿಗೆ ಕೊಡುತ್ತ ಬಂದಿದೆ. ಇವು ಯಾರ ಬಳಿಯೂ ಯಾವ ರಾಜ್ಯದ ಕಾರ್ಡು ಎಂದು ಕೇಳದ ಬಾಗಿಲುಗಳು, ಇವುಗಳ ಋಣ ಈ ಸೀಮೆಯ ಮೇಲೆ ದೊಡ್ಡದು. ಆದರೆ ದಾನದ ನಿಧಿ ಜನರ ಹಕ್ಕಿನ ನಿಧಿಯಲ್ಲ. 2025ರಲ್ಲಿ ಆರ್‌ಡಿಟಿಗೆ ವಿದೇಶಿ ದೇಣಿಗೆ ಪಡೆಯುವ ಅನುಮತಿಯ ನವೀಕರಣ ತೊಡಕಿಗೆ ಸಿಕ್ಕಾಗ ಅನಂತಪುರದ ಜನ ಬೀದಿಗಿಳಿದರು. ದೂರದ ಕಚೇರಿಯ ಒಂದು ಕಡತದ ಮೇಲೆ ಹೆರಿಗೆ ವಾರ್ಡೊಂದು ನಿಂತಿರುವುದು ಆಗ ಎಲ್ಲರಿಗೂ ಕಂಡಿತು.

ಬೇರೆ ದೇಶಗಳ ದಾರಿ

ಇದೇ ಪ್ರಶ್ನೆಗಳು ಬೇರೆ ದೇಶಗಳಿಗೂ ಎದುರಾಗಿವೆ. 1987ರಲ್ಲಿ ಆರೋಗ್ಯ ಮಂತ್ರಿಗಳು ಒಪ್ಪಿದ ಬಮಾಕೊ ಉಪಕ್ರಮದ ನಂತರ ಆಫ್ರಿಕದ ಬಹಳಷ್ಟು ದೇಶಗಳು ಸರ್ಕಾರಿ ಆಸ್ಪತ್ರೆಯಲ್ಲೂ ರೋಗಿಯಿಂದ ಶುಲ್ಕ ತೆಗೆದುಕೊಳ್ಳತೊಡಗಿದವು. ಬಡವರು ಬರುವುದನ್ನೇ ಬಿಟ್ಟರು. ಉಗಾಂಡ 2001ರಲ್ಲಿ ಶುಲ್ಕ ತೆಗೆದುಹಾಕಿದಾಗ ಬಡವರು ಮರಳಿದರು. ಆದರೆ ಆಸ್ಪತ್ರೆಗಳಲ್ಲಿ ಔಷಧಿ ಮುಗಿದು ಹೊರಗೆ ಕೊಳ್ಳಬೇಕಾಗಿ ಬಂದದ್ದರಿಂದ ಅತಿ ಬಡವರ ಭಾರಿ ಖರ್ಚು ತಗ್ಗಲಿಲ್ಲ. ತಿ. ನರಸೀಪುರದಲ್ಲಿ ಕಂಡ ಸತ್ಯವೇ ಅಲ್ಲಿಯೂ ಕಂಡದ್ದು.

ರುವಾಂಡ 1999ರಲ್ಲಿ ಸಮುದಾಯ ವಿಮೆಯನ್ನು ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿ ದೇಶಕ್ಕೆಲ್ಲ ಹಬ್ಬಿಸಿತು. ಅಲ್ಲಿಯೂ ಮೊದಲು ಎಲ್ಲರಿಗೂ ಒಂದೇ ವಂತಿಗೆ. 2011ರಲ್ಲಿ ಅದನ್ನು ಬಿಟ್ಟು, ಊರಿನವರೇ ಸೇರಿ ಗುರುತಿಸಿದ ಸ್ಥಿತಿಗತಿಯ ಆಧಾರದ ಮೇಲೆ ಕಡುಬಡವರ ಪಾಲನ್ನು ಸರ್ಕಾರ ಮತ್ತು ದಾನಿಗಳು ಕಟ್ಟುವಂತೆ, ಮಧ್ಯಮರಿಗೆ 3,000, ಸ್ಥಿತಿವಂತರಿಗೆ 7,000 ಫ್ರಾಂಕ್ ಎಂದು ಮಾಡಿದರು. ಯಶಸ್ವಿನಿ 2005ರಲ್ಲಿ ಎದುರಿಸಿದ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಘಾನಾ 2003ರ ಕಾಯಿದೆಯ ಮೂಲಕ ಮಾರಾಟದ ಮೇಲೆ ಶೇ. 2.5 ತೆರಿಗೆ ಹಾಕಿ ವಿಮೆಗೆ ಹಣ ಹೊಂದಿಸಿತು. ಥಾಯ್ಲೆಂಡ್ 2002ರಲ್ಲಿ ತೆರಿಗೆ ಹಣದಿಂದಲೇ ಎಲ್ಲರಿಗೂ ಚಿಕಿತ್ಸೆ ಶುರುಮಾಡಿ, ರೋಗಿ ಒಂದು ಸಲಕ್ಕೆ 30 ಬಾತ್ ಕೊಟ್ಟರೆ ಸಾಕು ಎಂದಿತು. ಅದು ಗೆದ್ದದ್ದು ಜಿಲ್ಲಾ ಆಸ್ಪತ್ರೆ, ಹಳ್ಳಿಯ ಆರೋಗ್ಯ ಕೇಂದ್ರಗಳನ್ನು ದಶಕಗಳಿಂದ ಕಟ್ಟಿಟ್ಟಿದ್ದರಿಂದ.

ಈಚಿನ ಸ್ಥಿತಿ

2018ರ ಸೆಪ್ಟೆಂಬರ್ 23ರಂದು ಆರಂಭವಾದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದ ರಕ್ಷಣೆ ಕೊಡುತ್ತದೆ. 2024ರ ಅಕ್ಟೋಬರಿನಿಂದ ಅದನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ವೈದ್ಯವೆಚ್ಚದಲ್ಲಿ ಮನೆಮಂದಿ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಅದೇ ವರ್ಷ ಸರ್ಕಾರಗಳ ಆರೋಗ್ಯ ವೆಚ್ಚ ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ. 1.84, 2017ರ ಆರೋಗ್ಯ ನೀತಿ 2025ಕ್ಕೆ ಹಾಕಿಕೊಂಡ ಗುರಿ ಶೇ. 2.5.

ಆಂಧ್ರದಲ್ಲಿ 2023ರ ಡಿಸೆಂಬರಿನಲ್ಲಿ ರಕ್ಷಣೆಯ ಮಿತಿಯನ್ನು ₹25 ಲಕ್ಷಕ್ಕೆ ಏರಿಸಲಾಯಿತು. ಮಿತಿ ಏರಿದಷ್ಟು ಸುಲಭವಾಗಿ ಹಣ ಏರಲಿಲ್ಲ. ಆಸ್ಪತ್ರೆಗಳಿಗೆ ಸರ್ಕಾರ ಕೊಡಬೇಕಾದ ಬಾಕಿ ಸಾವಿರಾರು ಕೋಟಿಗೆ ಮುಟ್ಟಿದಾಗ ಖಾಸಗಿ ಆಸ್ಪತ್ರೆಗಳ ಸಂಘ 2025ರಲ್ಲಿ ಯೋಜನೆಯಡಿಯ ಸೇವೆ ನಿಲ್ಲಿಸಿತು. ಆ ದಿನಗಳಲ್ಲಿ ಕಾರ್ಡು ಹಿಡಿದು ಬಂದವರು ಕೈಯಿಂದ ಕಟ್ಟಬೇಕು, ಇಲ್ಲವೇ ಕಾಯಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಹೊಸ ಮಿಶ್ರ ಪದ್ಧತಿಗೆ ಒಪ್ಪಿತು: ₹2.5 ಲಕ್ಷದವರೆಗೆ ವಿಮಾ ಕಂಪನಿ, ಅದರ ಮೇಲೆ ₹25 ಲಕ್ಷದವರೆಗೆ ಟ್ರಸ್ಟು. 2007ರಲ್ಲಿ ಕಂಪನಿಯಿಂದ ಹೊರಟು ಟ್ರಸ್ಟಿಗೆ ಬಂದ ಯೋಜನೆ ಹೀಗೆ ಅರ್ಧದಾರಿ ಹಿಂದಕ್ಕೆ ನಡೆದಿದೆ. ಬ್ರಹ್ಮಸಮುದ್ರದಂಥ ಊರಿಗೆ ಇದಕ್ಕಿಂತ ಮುಖ್ಯವಾದದ್ದು 2023ರ ಏಪ್ರಿಲ್ 6ರಂದು ಆರಂಭವಾದ ಫ್ಯಾಮಿಲಿ ಡಾಕ್ಟರ್ ಪದ್ಧತಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಿಂಗಳಿಗೆ ಎರಡು ಸಲ ಹಳ್ಳಿಯ ಕ್ಲಿನಿಕ್ಕಿಗೇ ಬಂದು ನೋಡಬೇಕು, ಸಕ್ಕರೆ, ಬಿಪಿಯ ಮಾತ್ರೆ ಅಲ್ಲೇ ಕೊಡಬೇಕು. ಬಸ್ಸಿನ ದಾರಿಯ ಮೊದಲ ನಿಲ್ದಾಣದಲ್ಲೇ ಸರ್ಕಾರ ಜೊತೆಗೂಡುವ ಏರ್ಪಾಡು ಅದು. ಇದಕ್ಕೆ ಬೇಕಾದ ವೈದ್ಯರ ಸಂಬಳ, ಮಾತ್ರೆಯ ದಾಸ್ತಾನು ಯಾವ ವಿಮೆಯ ಪ್ಯಾಕೇಜಿನಿಂದಲೂ ಬರುವುದಿಲ್ಲ. ವರ್ಷ ವರ್ಷ ಬಜೆಟ್ಟಿನಲ್ಲೇ ತೆಗೆದಿಡಬೇಕಾಗುತ್ತದೆ.